ಪಾದ್ರಿಗಳನ್ನು ನೋಡಿ ನಗುತ್ತಿದ್ದ ಪಾದ್ರಿ

ಫಾದರ್ ತೀರಿಕೊಂಡರೆಂದು ದಸ್ತಗೀರ ಫೋನಿನಲ್ಲಿ ಹೇಳಿದಾಗ ನಾನು ಅಂಗಡಿಯಲ್ಲಿ ಯಾರದೋ ಮಿಕ್ಸರಿನ ಮೋಟಾರು ಬಿಚ್ಚಿಕೊಂಡು ಕೂತಿದ್ದೆ. "ಜೋಶ್ಯಾರ, ನಮ್ಮ ಫಾದರ್ ಹೋದ್ರು" ಎಂದ. ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಆಮೇಲೆ ಅವನೇ, "ಗಾಡಿ ತರತೇನಿ, ತಯಾರಾಗ್ರಿ" ಎಂದು ಫೋನಿಟ್ಟ.

ಮಣ್ಣಿಗೆ ಹೋಗಿ ಬಂದೆವು. ಅಲ್ಲಿ ಮಾತಾಡಿದವರೆಲ್ಲ ಅವರ ಭಕ್ತಿ, ಸೇವೆ, ಸರಳತೆ ಎಂದರು. ಯಾವುದೂ ಸುಳ್ಳಲ್ಲ. ಆದರೆ ಅವರು ಹೇಗೆ ನಗುತ್ತಿದ್ದರು ಅನ್ನುವುದನ್ನು ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬೈಲಹೊಂಗಲದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಕಿರಾಣಿ ಅಂಗಡಿಯವರಿಂದ ಬಸ್ ಸ್ಟ್ಯಾಂಡಿನ ಹಮಾಲರ ತನಕ ಎಲ್ಲರಿಗೂ ಅವರು ಬರೀ ಫಾದರ್.

ನನ್ನದು ಟಿವಿ, ಮಿಕ್ಸರು ರಿಪೇರಿ ಮಾಡುವ ಅಂಗಡಿ. ಅವರು ಮೊದಲ ಸಲ ಬಂದದ್ದು ಕಂಕುಳಲ್ಲಿ ಒಂದು ಡಿವಿಡಿ ಪ್ಲೇಯರ್ ಇಟ್ಟುಕೊಂಡು. ಬೂದು ಪ್ಯಾಂಟು, ಮೊಣಕೈತನಕ ಮಡಚಿದ ಅಂಗಿ, ಕಾಲಲ್ಲಿ ಹವಾಯಿ ಚಪ್ಪಲಿ. ಕೊರಳಲ್ಲಿ ಸಣ್ಣ ಶಿಲುಬೆ ಇರದಿದ್ದರೆ ನೀರಾವರಿ ಇಲಾಖೆಯಿಂದ ರಿಟೈರ್ ಆದ ಇಂಜಿನಿಯರ್ ಅಂದುಕೊಳ್ಳುತ್ತಿದ್ದೆ.

"ಒಳಗ ಒಂದು ಡಿಸ್ಕ್ ಸಿಕ್ಕೊಂಡದ. ಪ್ಲೇಯರ್ ಸತ್ರೂ ನಡೀತದ, ಡಿಸ್ಕ್ ಉಳಸಿಕೊಡ್ರಿ" ಎಂದರು. ಕಾರವಾರದ ಕಡೆಯವರು. ನಮ್ಮ ಕಡೆ ಬಹಳ ವರ್ಷ ಇದ್ದುದರಿಂದ ಮಾತು ಪೂರ್ತಿ ನಮ್ಮದಾಗಿತ್ತು.

ಪ್ರಾರ್ಥನೆಯದೋ ಪ್ರವಚನದ್ದೋ ಇರಬೇಕೆಂದುಕೊಂಡೆ. ಒಳಗಿನ ರಬ್ಬರ್ ಬೆಲ್ಟ್ ಬದಲಿಸಿ ಟಿವಿಗೆ ಹಚ್ಚಿ ನೋಡಿದೆ. ಕಪ್ಪು ನಿಲುವಂಗಿ ತೊಟ್ಟ ಇಬ್ಬರು ಪಾದ್ರಿಗಳು ಒಂದು ಏಣಿಯ ತುದಿಯಲ್ಲಿ ನೇತಾಡುತ್ತಿದ್ದರು. ಕೆಳಗೆ ಏಣಿ ಹಿಡಿದಿದ್ದ ಮೂರನೆಯ ಪಾದ್ರಿ ಕೈಗಡಿಯಾರಕ್ಕೆ ಕೀಲಿ ಕೊಡಲೆಂದು ಏಣಿಯನ್ನು ಬಿಟ್ಟ. ಯಾರೋ ಕಿಡಿಗೇಡಿಗಳು ಇವರಿಗೆ ತಪ್ಪು ಡಿಸ್ಕ್ ಕೊಟ್ಟು ಚೇಷ್ಟೆ ಮಾಡಿದ್ದಾರೆ ಅಂದುಕೊಂಡು ಗಡಬಡಿಸಿ ಬಂದ್ ಮಾಡಲು ಹೋದೆ.

"ಏ, ತಡೀರಿ! ಮುಂದ ಇನ್ನೂ ಛಲೋ ಅದ" ಎಂದು ಫಾದರ್ ಸ್ಟೂಲು ಎಳೆದುಕೊಂಡು ಕೂತರು. ಆಮೇಲೆ ನಕ್ಕರು. ಅವರ ನಗು ಹೆಗಲಿನಿಂದ ಶುರುವಾಗುತ್ತಿತ್ತು. ಮೊದಲು ಎರಡೂ ಹೆಗಲು ಕುಣಿಯುವವು, ನಂತರ ಬೋಳುತಲೆ ಕೆಂಪಾಗುವುದು, ಎಲ್ಲಕ್ಕೂ ಕೊನೆಗೆ ಸಪ್ಪಳ. ಸಪ್ಪಳ ಬರುವಷ್ಟರಲ್ಲಿ ಎದುರಿಗಿದ್ದವರು ಆಗಲೇ ನಗುತ್ತಿರುತ್ತಿದ್ದರು.

ಅದು ಹೊರದೇಶದ ಹಳೆಯ ಹಾಸ್ಯ ಧಾರಾವಾಹಿ. ಗಾಳಿ ಹೊಡೆಯುವ ಒಂದು ದ್ವೀಪ, ಅಲ್ಲೊಂದು ಮನೆ, ಮನೆಯಲ್ಲಿ ಮೂವರು ಕ್ಯಾಥೊಲಿಕ್ ಪಾದ್ರಿಗಳು. ಒಬ್ಬರಿಗೂ ನೆಟ್ಟಗೆ ಬುದ್ಧಿಯಿಲ್ಲ. ಅಲ್ಲಿ ನಡೆಯುವುದಕ್ಕೆ ತಲೆಬುಡವಿಲ್ಲ, ಆದರೆ ಅವರಿಗೆ ಅದು ವಿಚಿತ್ರ ಅನ್ನಿಸುವುದೂ ಇಲ್ಲ. ಮನೆಗೆ ಬೆಂಕಿ ಬಿದ್ದರೂ, ಯಾರ ಕಪ್ಪಿನಲ್ಲಿ ಯಾರು ಚಹಾ ಕುಡಿದರು ಎಂದು ಜಗಳ ಮಾಡುವ ಜಾತಿ.

ಅವತ್ತಿನಿಂದ ಭಾನುವಾರ ಮಧ್ಯಾಹ್ನ ಫಾದರ್ ನನ್ನ ಅಂಗಡಿಗೆ ಬರತೊಡಗಿದರು. ಅವರ ಜೀಪು ಓಡಿಸುತ್ತಿದ್ದ ದಸ್ತಗೀರ ಮೊದಮೊದಲು ಹೊರಗೇ ಇರುತ್ತಿದ್ದ. ಮನೋಳಿಯವನು, ಭಾರೀ ಮೈಕಟ್ಟಿನ ಆಳು, ಇಂಗ್ಲಿಷ್ ಒಂದಕ್ಷರ ಬಾರದು. ಒಳಗಿನ ನಗು ಕೇಳಿ ಒಂದು ದಿನ ಬಾಗಿಲಲ್ಲಿ ಇಣುಕಿದ.

"ನಾನೂ ನೋಡಲೇನ್ರಿ?"

"ತಿಳೀತೈತೇನೋ ನಿನಗ?" ಎಂದೆ ನಾನು.

"ಬೀಳೂದು ತಿಳೀಲಾಕ ಇಂಗ್ಲಿಷ್ ಯಾಕ ಬೇಕ್ರೀ ಜೋಶ್ಯಾರ?"

ಹೀಗೆ ಮೂವರಾದೆವು. ಕ್ಯಾಥೊಲಿಕ್ ಪಾದ್ರಿ, ಮುರಗೋಡದ ಪುರೋಹಿತರ ಮೊಮ್ಮಗನಾದ ನಾನು, ಮನೋಳಿಯ ದಸ್ತಗೀರ. ಬಜಾರಿನವರು ನಮ್ಮನ್ನು ನೋಡಿ ಏನೋ ದೊಡ್ಡ ಸಮಾಲೋಚನೆ ನಡೆದಿದೆ ಅಂದುಕೊಳ್ಳುತ್ತಿದ್ದರು.

ನಾನೊಮ್ಮೆ ನಮ್ಮಜ್ಜನ ಕಥೆ ಹೇಳಿದೆ. ಹೂಲಿಯಲ್ಲೊಂದು ಮದುವೆ. ಹೆಣ್ಣಿನವರು ನಮ್ಮಜ್ಜನನ್ನು ಕರೆಸಿದ್ದಾರೆ, ಗಂಡಿನವರು ಬೇರೊಬ್ಬ ಭಟ್ಟರನ್ನು ಕರೆತಂದಿದ್ದಾರೆ. ಮುಹೂರ್ತ ಯಾವುದು ಸರಿ ಎಂದು ಇಬ್ಬರಿಗೂ ವಾದ ಹತ್ತಿತು. ಪಂಚಾಂಗ ಹಿಡಿದು ವಾದಿಸುತ್ತಿರುವಾಗ ಇವರದೂ ದಾಟಿತು, ಅವರದೂ ದಾಟಿತು. ಕೊನೆಗೆ ಇಬ್ಬರೂ ತಲೆಯೆತ್ತಿ ನೋಡಿದರೆ ಮದುಮಗ ಹಸಿವು ತಾಳದೆ ಪಂಕ್ತಿಯಲ್ಲಿ ಕೂತು ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ.

ಫಾದರ್ ಕಣ್ಣೊರೆಸಿಕೊಂಡರು. "ನೋಡ್ರಿ, ದೇವರ ಮನ್ಯಾಗ ಕೆಲಸಕ್ಕ ಇದ್ದವರು ಎಲ್ಲಾ ಕಡೆ ಹಿಂಗ. ಈ ಧಾರಾವಾಹಿ ನನಗ ಯಾಕ ಸೇರತದ ಗೊತ್ತೇನು? ಇದರಾಗ ಕೆಟ್ಟವರು ಯಾರೂ ಇಲ್ಲ. ಎಲ್ಲಾರೂ ಸಣ್ಣವರು. ಸಣ್ಣವರ ಕೈಯಾಗ ದೊಡ್ಡ ಕೆಲಸ ಸಿಕ್ಕದ, ನನ್ನ ಹಂಗ."

ಆ ದೊಡ್ಡ ಕೆಲಸವನ್ನು ಅವರು ಹಗುರವಾಗಿ ತೆಗೆದುಕೊಂಡವರಲ್ಲ. ಅವರ ಚರ್ಚಿನ ಜನ ಬಹಳಿರಲಿಲ್ಲ. ಕಿತ್ತೂರಲ್ಲಿ ಒಂದೆರಡು ಮನೆ, ಸವದತ್ತಿಯಲ್ಲಿ ಇನ್ನಷ್ಟು, ರಾಮದುರ್ಗದಲ್ಲಿ ಕೆಲವು, ಹೀಗೆ ಚದುರಿ ಹೋಗಿದ್ದರು. ಒಂದು ಭಾನುವಾರ ನಾವು ನಗುನಗುತ್ತ ಕೂತಾಗ ರಾಮದುರ್ಗದಿಂದ ಫೋನು ಬಂತು. ಒಬ್ಬ ಮುದುಕಿಯ ಕೊನೆಗಾಲ. ಫಾದರ್ ಎದ್ದು ನಿಂತಾಗ ಮುಖದ ಮೇಲೆ ನಗುವಿನ ಗುರುತೂ ಇರಲಿಲ್ಲ. ಇನ್ನೊಂದು ನಿಮಿಷಕ್ಕೆ ಕಥೆ ಮುಗಿಯುತ್ತಿತ್ತು. ಅದನ್ನೂ ನೋಡದೆ ಜೀಪು ಹತ್ತಿದರು. ಮುದುಕಿ ಅಷ್ಟು ಬೇಗ ಹೋಗಲಿಲ್ಲ. ಮನೆಯವರೆಲ್ಲ ದಣಿದು ಮಲಗಿದರೂ ಇವರು ಕುರ್ಚಿ ಬಿಟ್ಟು ಏಳದೆ ಅವಳ ಕೈ ಹಿಡಿದು ಕೂತಿದ್ದರಂತೆ. ಅದನ್ನು ಹೇಳಿದವನು ದಸ್ತಗೀರ. ಫಾದರ್ ಹೇಳಿದ್ದು, ಮುಂದಿನ ವಾರ ಬಂದು ಸ್ಟೂಲಿನ ಮೇಲೆ ಕೂತು, "ಹಾಂ, ಹಚ್ರಿ" ಎಂದಷ್ಟೇ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಅವರ ಬಲಗೈ ನಡುಗುವುದನ್ನು ಜನ ಗಮನಿಸಿದರು. ಪೂಜೆಯಲ್ಲಿ ದ್ರಾಕ್ಷಾರಸದ ಪಾತ್ರೆ ಎತ್ತುವಾಗ ಕೈ ನಿಲ್ಲುತ್ತಿರಲಿಲ್ಲ. ಮಾತೂ ತಗ್ಗಿತು. ಚರ್ಚಿಗೆ ಬರುವ ಮನೆಗಳಲ್ಲಿ ಒಂದು ಗುಸುಗುಸು ಎದ್ದಿತು, ಫಾದರ್ ಕುಡಿಯುತ್ತಾರೆ ಎಂದು. ಮುಂದಿನ ಬೆಂಚಿನಲ್ಲಿ ಕೂಡುವ ಒಬ್ಬ ಹಿರಿಯ ಹೆಣ್ಣುಮಗಳು ಮೇಲಿನವರಿಗೇ ದೂರು ಮುಟ್ಟಿಸಿದಳು. ಕುಡಿಯುವುದಷ್ಟೇ ಅಲ್ಲ, ಬಜಾರಿನ ಅಂಗಡಿಯಲ್ಲಿ ಕೂತು ಪಾದ್ರಿಗಳನ್ನೇ ಗೇಲಿ ಮಾಡುವ ಸಿನಿಮಾ ನೋಡಿ ನಗುತ್ತಾರೆ ಎಂದು.

ನನಗೂ ಒಂದು ಬದಲಾವಣೆ ಕಂಡಿತ್ತು. ಫಾದರ್ ಮೊದಲಿನಂತೆ ನಗುತ್ತಿರಲಿಲ್ಲ. ಧಾರಾವಾಹಿ ನೋಡಿ ನೋಡಿ ಬೇಸರ ಬಂದಿರಬೇಕೆಂದು ಸುಮ್ಮನಿದ್ದೆ.

ವಿಚಾರಣೆಗೆ ಬಂದವರು ಒಬ್ಬ ಎಳೆಯ ಪಾದ್ರಿ. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಪುಸ್ತಕದ ಕನ್ನಡ. ಭಾನುವಾರ ಮಧ್ಯಾಹ್ನ ನೆಟ್ಟಗೆ ನನ್ನ ಅಂಗಡಿಗೇ ಬಂದರು. ನಾನು ಗಾಬರಿಯಿಂದ ಟಿವಿ ಆರಿಸಲು ಹೋದರೆ ಫಾದರ್ ಕೈ ಅಡ್ಡ ಹಿಡಿದರು.

"ಬರ್ರಿ ಫಾದರ್, ಕುಂದರ್ರಿ. ಕೇಳೂದು ಆಮ್ಯಾಲ ಕೇಳೀರಂತ. ಮೊದಲ ಒಂದು ನೋಡ್ರಿ."

"ನಾನು ನೋಡಲು ಬಂದಿಲ್ಲ. ನಮ್ಮಂಥವರನ್ನು ಹೀಗೆ ಹಾಸ್ಯ ಮಾಡಿದರೆ ನಿಮಗೆ ಅವಮಾನ ಅನ್ನಿಸುವುದಿಲ್ಲವೇ?"

"ಅದಕ್ಕ ಉತ್ತರ ನಾ ಹೇಳಿದ್ರ ತಿಳಿಯಂಗಿಲ್ಲ. ನೋಡಿದ್ರ ತಿಳೀತದ. ನೋಡೂತನಕ ನಾನೂ ಏನೂ ಹೇಳಂಗಿಲ್ಲ." ದನಿ ಸಣ್ಣದಾಗಿತ್ತು, ಆದರೆ ಮಾತು ಬಗ್ಗಲಿಲ್ಲ.

ಎಳೆಯವರು ಗೋಡೆಗೆ ಬೆನ್ನು ಹಚ್ಚಿ ಕೈಕಟ್ಟಿ ಕೂತರು. ಅವತ್ತಿನ ಕಥೆಯಲ್ಲಿ ಆ ದ್ವೀಪಕ್ಕೆ ಬಿಷಪ್ಪರು ಬರುವವರಿದ್ದರು. ಮನೆಯಲ್ಲಿ ಒಳ್ಳೆಯ ಕುರ್ಚಿ ಒಂದೇ, ಅದೂ ಒಂದು ಕಡೆ ಕುಂಟು. ಸಮ ಮಾಡಲೆಂದು ಒಬ್ಬ ಪಾದ್ರಿ ಒಂದು ಕಾಲು ಕೊಯ್ದ. ಈಗ ಅದು ಇನ್ನೊಂದು ಕಡೆಗೆ ವಾಲಿತು. ಎರಡನೆಯವನು ಗರಗಸ ಕಸಿದುಕೊಂಡ. ಎಳೆಯವರ ತುಟಿ ಅಲುಗಲಿಲ್ಲ. ಕುರ್ಚಿಯ ಕಾಲು ಗೇಣುದ್ದಕ್ಕೆ ಬಂದು, ಹೊರಗೆ ಬಿಷಪ್ಪರ ಕಾರಿನ ಸಪ್ಪಳ ಕೇಳುವ ಹೊತ್ತಿಗೆ ಕರೆಂಟು ಹೋಯಿತು.

ಟಿವಿ ಆರಿ, ಅಂಗಡಿಯಲ್ಲಿ ಬಾಗಿಲಿನಿಂದ ಬರುವ ಬೆಳಕಷ್ಟೇ ಉಳಿಯಿತು. ಎಳೆಯವರು ಕೈ ಬಿಚ್ಚಿದರು, ಮತ್ತೆ ಕಟ್ಟಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮುಂದೆ... ಏನಾಗುತ್ತದೆ?" ಎಂದರು.

ದಸ್ತಗೀರ ಅದಕ್ಕೇ ಕಾದವನಂತೆ ಎದ್ದ. ಪ್ರತಿಯೊಂದು ಕಥೆಯೂ ಅವನಿಗೆ ಬಾಯಿಪಾಠ, ಆದರೆ ಅವನದೇ ಕನ್ನಡದಲ್ಲಿ. "ನಾ ಹೇಳತೇನಿ ಕೇಳ್ರಿ. ಕುರ್ಚಿ ಕೊಯ್ದು ಕೊಯ್ದು ಮಣಿ ಆತ್ರಿ. ಬಿಷಪ್ಪರು ಬಂದ್ರು, ಕುಂತ್ರು. ನೀವ ಬಿಷಪ್ಪರು ಅಂತ ತಿಳ್ಕೋರಿ." ನಾನು ಕೂತು ಕೆಲಸ ಮಾಡುವ ಮಣೆಯನ್ನು ಎಳೆಯವರ ಮುಂದೆ ಸರಿಸಿದ. ಅವರು ಏನು ತಿಳಿದರೋ, ಕೂತರು. "ಈಗ ಬಿಷಪ್ಪರಕಿಂತ ಎತ್ತರ ನಾವು ನಿಂದರಬಹುದೇನ್ರಿ? ಅದು ಮರ್ಯಾದಿ ಅಲ್ಲ. ಅದಕ್ಕ ಮೂರೂ ಮಂದಿ ನೆಲಕ್ಕ ಕುಂತ್ರು. ಕುಂತ್ರೂ ತಲಿ ಮ್ಯಾಲ ಆತು. ಅದಕ್ಕ..." ಎನ್ನುತ್ತ ಆ ಭಾರೀ ಆಳು ನನ್ನ ಅಂಗಡಿಯ ವೈರುಗಳ ನಡುವೆ ಅಂಗಾತ ಮಲಗಿ, ಎದೆಯ ಮೇಲೆ ಕೈಜೋಡಿಸಿ, ಸೂರು ನೋಡುತ್ತ, "ಪ್ರಯಾಣ ಸುಖಾ ಆತೇನ್ರೀ ಬಿಷಪ್ಪರ?" ಎಂದ.

ಎಳೆಯವರಿಗೆ ನಗು ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡು, ಮಣೆಯ ಮೇಲೆ ಮುಂದಕ್ಕೆ ಬಾಗಿ, ಉಸಿರು ಸಿಗದಂತೆ ನಕ್ಕರು. ನಗುತ್ತಲೇ ಫಾದರ್ ಕಡೆ ನೋಡಿದವರು ಒಮ್ಮೆಲೇ ಸುಮ್ಮನಾದರು.

ಫಾದರ್ ಕೂಡ ನಗುತ್ತಿದ್ದರು. ಹೆಗಲು ಕುಣಿಯುತ್ತಿದ್ದವು, ಕಣ್ಣಲ್ಲಿ ನೀರಿತ್ತು. ಆದರೆ ಮುಖ ಕಲ್ಲಿನಂತಿತ್ತು. ಒಂದು ಗೆರೆಯೂ ಅಲುಗುತ್ತಿರಲಿಲ್ಲ.

"ಫಾದರ್, ನೀವು ಸ್ವಲ್ಪ ಬಾಗಿಲ ತನಕ ನಡೆದು ತೋರಿಸುತ್ತೀರಾ?" ಎಂದರು ಎಳೆಯವರು. ಫಾದರ್ ನಡೆದರು. ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡಿತ್ತು. ಎಳೆಯವರು ಮಣೆಯಿಂದ ಎದ್ದು ಅವರ ಹತ್ತಿರ ಹೋದರು. "ನಮ್ಮ ತಂದೆಗೂ ಹೀಗೇ ಶುರುವಾಯಿತು. ನಾಳೆಯೇ ಡಾಕ್ಟರ ಹತ್ತಿರ ಹೋಗೋಣ. ನಾನೇ ಕರೆದುಕೊಂಡು ಹೋಗುತ್ತೇನೆ." ಕುಡಿತದ ಮಾತು ಅವರು ಎತ್ತಲೇ ಇಲ್ಲ.

ಬೆಳಗಾವಿಯ ಡಾಕ್ಟರು ಪಾರ್ಕಿನ್ಸನ್ ಎಂದರು. ಕೈ ನಡುಗುತ್ತದೆ, ದನಿ ಇಳಿಯುತ್ತದೆ, ಮುಖದ ಸ್ನಾಯುಗಳು ಬಿಗಿಯುತ್ತವೆ. ಗುಳಿಗೆ ಕೊಟ್ಟರು, ಕನ್ನಡಿ ಮುಂದೆ ಮುಖ ಹಿಗ್ಗಿಸಿ ಕುಗ್ಗಿಸಿ ಮಾಡಬೇಕು, ದಿನಾಲೂ ಗಟ್ಟಿಯಾಗಿ ಓದಬೇಕು ಎಂದರು. ಮೇಲಿನವರು ವಿಶ್ರಾಂತಿ ತೆಗೆದುಕೊಳ್ಳಿ, ವೃದ್ಧ ಪಾದ್ರಿಗಳ ಮನೆಗೆ ಬಂದುಬಿಡಿ ಎಂದರು.

ಮರುವಾರ ಅಂಗಡಿಗೆ ಬಂದ ಫಾದರ್ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದರು: "ಮುಖ ನಗಲಿಲ್ಲಂದ್ರ ನಾ ನಗಲಿಲ್ಲಂತ ತಿಳೀಬ್ಯಾಡ್ರಿ. ಎರಡನೇದು, ಕ್ರಿಸ್ಮಸ್ ಪೂಜಿ ನಾನ ಮಾಡತೇನಿ. ಕಡೀ ಬೆಂಚಿನವರಿಗೆ ಕೇಳೂ ಹಂಗ."

"ಕಾಲರಿಗೆ ಸಿಗಿಸೂ ಮೈಕ್ ಹಚ್ಚತೇನಿ ಫಾದರ್. ಚಿಂತೀ ಬ್ಯಾಡ" ಎಂದೆ.

"ಮೈಕ್ ದನಿ ಕೊಡತದ ಜೋಶ್ಯಾರ, ಅಕ್ಷರ ಕೊಡಂಗಿಲ್ಲ. ನಾ ಗೊಣಗಿದ್ರ ಅದೂ ಗೊಣಗತದ, ಜೋರಾಗಿ. ನನಗ ಮಾತು ಬರಬೇಕು."

ಮಳೆಗಾಲ ಮುಗಿಯುವ ಹೊತ್ತಿಗೆ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ದಸ್ತಗೀರ ಅವರನ್ನು ಮನೋಳಿಯ ಹತ್ತಿರ ಮಲಪ್ರಭೆಯ ದಂಡೆಗೆ ಕರೆದೊಯ್ಯುತ್ತಿದ್ದ. ಅವರು ಒಂದು ಕಡೆ ನಿಲ್ಲುವರು, ಇವನು ದೂರ ಹೋಗಿ ನಿಲ್ಲುವನು. ಮಾತು ಕೇಳಿಸಿದರೆ ಕೈಯೆತ್ತಬೇಕು. ಕೇಳಿಸದಿದ್ದರೆ ಇಲ್ಲ. ಸುಳ್ಳು ಕೈ ಎತ್ತಬಾರದೆಂದು ಆಣೆ ಹಾಕಿಸಿದ್ದರು. ನಾನೂ ಒಂದಿಷ್ಟು ಸಲ ಹೋದೆ. ಪ್ರಾರ್ಥನೆಯ ಮಾತು ಹೇಳುವರೆಂದುಕೊಂಡಿದ್ದೆ. ಅವರು ನದಿಯ ಕಡೆ ಮುಖ ಮಾಡಿ ಒದರಿದ್ದು, "ಯಾರಲೇ ಕುರ್ಚಿ ಕೊಯ್ದವರು? ಬಿಷಪ್ಪರು ಎಲ್ಲಿ ಕುಂದರಬೇಕಲೇ?"

ದಸ್ತಗೀರನ ಕನ್ನಡವನ್ನು ಅವರು ಹಾಗೆಯೇ ಎತ್ತಿಕೊಂಡಿದ್ದರು. ಕೇಳಿದರೆ, "ದೇವರ ಮಾತು ತೊದಲಬಾರದು. ತೊದಲೂದೆಲ್ಲಾ ಮೊದಲ ಇದರಾಗ ತೊದಲಿಬಿಡತೇನಿ" ಎಂದರು. ಕುರಿ ಕಾಯುವವನೊಬ್ಬ ದಿಗಿಲುಬಿದ್ದು, "ನಾ ಯಾವ ಕುರ್ಚೀನೂ ಮುಟ್ಟಿಲ್ರೀ ಯಪ್ಪಾ" ಎಂದು ಓಡಿಬಂದದ್ದೂ ಉಂಟು.

ಕೆಲವು ದಿನ ದಸ್ತಗೀರನ ಕೈ ಒಮ್ಮೆಯೂ ಏಳುತ್ತಿರಲಿಲ್ಲ. ಅಂಥ ದಿನ ಫಾದರ್ ಒಂದು ಹೆಜ್ಜೆಯನ್ನೂ ಅವನ ಕಡೆ ಇಡುತ್ತಿರಲಿಲ್ಲ. ನಿಂತಲ್ಲೇ ನಿಂತು ಮತ್ತೆ ಮೊದಲಿನಿಂದ. ನಾನೊಮ್ಮೆ ತಡೆಯಲಾರದೆ, "ಸಾಕ್ರಿ ಫಾದರ್, ನಾಳಿಗೆ ನೋಡೂಣು" ಎಂದೆ. "ನಾಳಿಗೆ ಇದು ಇನ್ನಷ್ಟು ಬಿಗೀತದ. ಇವತ್ತು ಇದ್ದಷ್ಟನ್ನ ಇವತ್ತ ದುಡಿಸಬೇಕು" ಎಂದರು. ನನ್ನ ಅಂಗಡಿಯಲ್ಲಿ ಸ್ಟೀಲಿನ ಲೋಟದ ತುಂಬ ನೀರು ಹಾಕಿಸಿಕೊಂಡು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತುವರು. ಚೆಲ್ಲುವುದು. ಒರೆಸಿ ಮತ್ತೆ ತುಂಬಿಸುವರು. ನನ್ನ ಟೇಬಲ್ಲಿನ ಮೇಲೆ ನೀರು ಆರಿದ ದಿನವೇ ಇರಲಿಲ್ಲ.

ಕ್ರಿಸ್ಮಸ್ ಬೆಳಗಿನ ಪೂಜೆಗೆ ನಾನೂ ದಸ್ತಗೀರನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆವು. ರಾಮದುರ್ಗ, ಕಿತ್ತೂರಿನವರೂ ಬಂದಿದ್ದರು. ದೂರು ಕೊಟ್ಟ ಹೆಣ್ಣುಮಗಳು ಯಾವಾಗಿನಂತೆ ಮುಂದಿನ ಬೆಂಚಿನಲ್ಲಿದ್ದಳು. ಎಳೆಯ ಪಾದ್ರಿಯೂ ಬಂದು ಪಕ್ಕದಲ್ಲಿ ನಿಂತಿದ್ದರು, ಎಲ್ಲಾದರೂ ನಿಂತುಹೋದರೆ ಮುಂದುವರಿಸಲು.

ಫಾದರ್ ಪ್ರವಚನಕ್ಕೆ ನಿಂತರು. ಬಹಳ ಹೊತ್ತು ಮಾತು ಹೊರಡಲಿಲ್ಲ. ಎಳೆಯವರು ಒಂದು ಹೆಜ್ಜೆ ಮುಂದೆ ಬಂದರು. ಫಾದರ್ ಬೆರಳೆತ್ತಿ ಅವರನ್ನು ನಿಲ್ಲಿಸಿದರು. ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು ಶುರುಮಾಡಿದರು.

"ನನ್ನ ಕೈ ನಡಗೂದು ನೀವೆಲ್ಲಾ ನೋಡೀರಿ. ಇದು ಬ್ಯಾನಿ. ಕೆಲವರು ಅಂದ್ರು, ಫಾದರ್ ಕುಡದಾರ ಅಂತ. ಅವರದೇನೂ ತಪ್ಪಿಲ್ಲ. ಆದ್ರ ಕುಡದಿದ್ರ ನಾ ಇಷ್ಟು ನೆಟ್ಟಗ ಹೆಂಗ ನಿಂದರತಿದ್ದೆ?"

ಅಷ್ಟು ಹೇಳಿ ಮುಗಿಸುವುದಕ್ಕೂ ಅವರು ಬಲಕ್ಕೆ ವಾಲುವುದಕ್ಕೂ ಸರಿಹೋಯಿತು. ಮುಂದಿದ್ದ ಪ್ರವಚನ ಪೀಠ ಹಿಡಿದುಕೊಂಡು ಹೇಗೋ ನಿಂತರು. ಮುಖ ಮಾತ್ರ ಕಲ್ಲು. ನಂತರ ಮುಂದಿನ ಬೆಂಚಿನಲ್ಲಿ ಸೆರಗಿನೊಳಗಿಂದ ಒಂದು ನಗು ಸಿಡಿಯಿತು. ದೂರು ಕೊಟ್ಟವಳೇ. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಕೂಡಿತ್ತೋ. ಇಡೀ ಚರ್ಚು ನಕ್ಕಿತು. ಫಾದರ್ ಆ ನಗು ಇಳಿಯುವತನಕ ನಿಂತಿದ್ದು, ನಂತರ ಗಟ್ಟಿ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಕಥೆ ಹೇಳಿದರು. ದಸ್ತಗೀರ ತಾನು ಎಲ್ಲಿದ್ದೇನೆಂಬುದನ್ನೇ ಮರೆತು ಕೊನೆಯ ಬೆಂಚಿನಿಂದ ಕೈಯೆತ್ತಿದ. ಎತ್ತಿದ್ದನ್ನು ಇಳಿಸಲೇ ಇಲ್ಲ.

ಪಾತ್ರೆ ಎತ್ತುವ ಹೊತ್ತಿಗೆ ಕೈ ನಡುಗಿತು. ಅವರು ಮುಚ್ಚಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ನಡುಗುತ್ತಿದ್ದಂತೆಯೇ, ಎತ್ತಬೇಕಾದಷ್ಟು ಎತ್ತರಕ್ಕೆ ಎತ್ತಿದರು.

ಆಮೇಲೂ ಅವರು ಆಗುವಷ್ಟು ದಿನ ಇಲ್ಲೇ ಉಳಿದರು. ರೋಗ ಗುಳಿಗೆಯ ಕೈ ಮೀರಿದ ಮೇಲೆ ತಾವಾಗಿಯೇ ಬೆಳಗಾವಿ ಹತ್ತಿರದ ವೃದ್ಧ ಪಾದ್ರಿಗಳ ಮನೆಗೆ ಹೋದರು.

ಕೊನೆಯ ಸಲ ನಾನೂ ದಸ್ತಗೀರನೂ ನೋಡಲು ಹೋದಾಗ ಅಲ್ಲಿನ ಪಡಸಾಲೆಯಲ್ಲಿ ಇಬ್ಬರು ಹಣ್ಣುಹಣ್ಣು ಮುದುಕ ಪಾದ್ರಿಗಳು ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಜಗಳಾಡುತ್ತಿದ್ದರು. ಇಬ್ಬರಿಗೂ ಕಿವಿ ಕೇಳದು. ಒಬ್ಬರು ತೆರೆಯಿರಿ ಎನ್ನುತ್ತಿದ್ದರು, ಇನ್ನೊಬ್ಬರೂ ತೆರೆಯಿರಿ ಎಂದೇ ಎನ್ನುತ್ತಿದ್ದರು. ಫಾದರ್ ನಮ್ಮನ್ನು ಸುಮ್ಮನಿರುವಂತೆ ಸನ್ನೆ ಮಾಡಿ ಪಕ್ಕದಲ್ಲಿ ಕೂಡಿಸಿಕೊಂಡರು. ಕಿವಿಯಲ್ಲಿ, "ದಿನಾ ಹೊಸಾದು" ಎಂದರು. ಅಷ್ಟು ಹೇಳಲು ಬಹಳ ಹೊತ್ತು ಬೇಕಾಯಿತು.

ಹೊರಡುವಾಗ ನಾವು ಬೇಡವೆಂದರೂ ಎದ್ದರು. "ಗೇಟ್ ತನಕ ಬರತೇನಿ." ದಸ್ತಗೀರ ಹಿಡಿಯಲು ಹೋದರೆ ಕೈ ಕೊಡವಿದರು. ಅಂಗಳ ಅಷ್ಟೇನೂ ದೊಡ್ಡದಲ್ಲ. ಅವರು ಒಂದೊಂದು ಹೆಜ್ಜೆಯನ್ನೂ ಮನಸ್ಸಿನಲ್ಲಿ ಮೊದಲು ಇಟ್ಟು, ಆಮೇಲೆ ಕಾಲಿನಿಂದ ಇಡುತ್ತಿದ್ದರು. ನಾವು ಹಿಂದೆ ನಡೆದೆವು.

ಗೇಟಿನಲ್ಲಿ ನಿಂತು ನಮ್ಮನ್ನು ಆಶೀರ್ವದಿಸಲು ಕೈಯೆತ್ತಿದರು. ಕೈ ಜೋರಾಗಿ ನಡುಗಿತು. ಅದೇ ಹೊತ್ತಿಗೆ ಬಂದ ಸರಕಾರಿ ಬಸ್ಸೊಂದು ಅವರ ಮುಂದೆಯೇ ಬ್ರೇಕು ಹಾಕಿ ನಿಂತಿತು. ಕಂಡಕ್ಟರ್ ಬಾಗಿಲು ತೆರೆದು, "ಹತ್ರೀ ಅಜ್ಜಾರ, ಲಗೂ ಹತ್ರೀ" ಎಂದ. ಫಾದರ್ ಕೈ ಇಳಿಸಲಿಲ್ಲ. ಆ ಕಲ್ಲಿನ ಮುಖದಿಂದಲೇ ಕಂಡಕ್ಟರನನ್ನು ಆಶೀರ್ವದಿಸಿದರು, ಡ್ರೈವರನನ್ನು ಆಶೀರ್ವದಿಸಿದರು, ಕಿಟಕಿ ಕಿಟಕಿಯಲ್ಲಿದ್ದವರನ್ನೆಲ್ಲ ಆಶೀರ್ವದಿಸಿದರು. ಕೆಲವರು ಕೈಮುಗಿದರು. ಒಬ್ಬಳು ಮಡಿಲಲ್ಲಿದ್ದ ಕೂಸನ್ನು ಎತ್ತಿ ತೋರಿಸಿದಳು. ಕಂಡಕ್ಟರ್ ಅರೆಗಳಿಗೆ ಕಕ್ಕಾಬಿಕ್ಕಿಯಾಗಿ ನಿಂತು, ಟೊಪ್ಪಿಗೆ ತೆಗೆದು ಹಾಕಿಕೊಂಡು ಸೀಟಿ ಊದಿದ. ಬಸ್ಸು ಹೋಯಿತು.

ಫಾದರ್ ನಮ್ಮ ಕಡೆ ನೋಡಿ "ಹೋಗ್ರಿನ್ನ" ಎಂದು ಹಿಂದಕ್ಕೆ ತಿರುಗಿದರು. ತಿರುಗುವುದಕ್ಕೇ ಬಹಳ ಹೊತ್ತಾಯಿತು. ನಾವು ಗಾಡಿಯಲ್ಲಿ ಕೂತೆವು. ದಸ್ತಗೀರ ಕೀಲಿ ಹಾಕಿದ, ಆದರೆ ತಿರುವಲಿಲ್ಲ. ಇಬ್ಬರೂ ನೋಡುತ್ತ ಕೂತೆವು. ಅವರು ಅಂಗಳ ದಾಟಿದರು, ಪಕ್ಕದ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದರು, ಒಳಗೆ ಹೋಗಿ ತಾವೇ ಬಾಗಿಲು ಹಾಕಿಕೊಂಡರು.